ಸೇನಾಧಿಕಾರಿಗಳ ವ್ಯೋಮವಿದ್ಯಾಭ್ಯಾಸ

ಒಬ್ಬನು ತನ್ನ ವೃತ್ತಿಯಲ್ಲಿ ಪಳಗಿ, ಇತರರಿಗೆ ಆಜ್ಞೆ ಮಾಡುವ ಪದವಿಗೆ ಬಂದ ಮೇಲೆ, ಪುನಃ ಬೆಂಚಿನ ಮೇಲೆ ಕುಳಿತು ಗಣಿತವನ್ನು ಕಲಿಯಬೇಕಾದ ಅಗತ್ಯವೇನೆಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರವನ್ನು ನಾವು ಅಮೆರಿಕಾ ದೇಶದ ಸೇನಾಧಿಕಾರಿಗಳ ವಿದ್ಯಾಭ್ಯಾಸದಿಂದ ತಿಳಿಯೋಣ.

1965ನೆಯ ಇಸವಿ ಜೂನ್ 3ರಂದು ಜೆಮಿನಿ 4 ಎಂಬ ವ್ಯೋಮನೌಕೆಯು ಮೇಲಕ್ಕೇರಿತು. ಅದರ ನಾಯಕರು ವಾಯುಸೇನೆಯ ಜೇಮ್ಸ್ ಮ್ಯಾಕ್‌ಡಿವಿಟ್ ಎಂಬವರು. ನಿಪುಣರಾದ ವೈಮಾನಿಕರು, ಯಂತ್ರವಿದ್ಯೆಯಲ್ಲಿ ಪದವೀಧರರು. ತಮ್ಮನ್ನು ಹೊತ್ತು ತಂದ ರಾಕೆಟ್ಟಿನ ಬರಿದಾದ ಭಾಗವು ಸಮೀಪದಲ್ಲಿಯೇ ತೇಲುತ್ತಿರಲು, ಅದರ ಬಳಿಗೆ ಹೋಗಲು ಅವರು ಯತ್ನಿಸಿದರು. ವಿಮಾನವನ್ನು ನಡೆಸುವವರಂತೆ ಗುರಿಗೆ ಅಭಿಮುಖವಾಗಿ ನೌಕೆಯನ್ನು ನೂಕಿದರು. ಆದರೆ ಸಮೀಪಿಸಲು ಯತ್ನಿಸಿದಷ್ಟೂ ಅದು ದೂರವಾಗುತ್ತ ಬಂತು. ಇಂಧನವು ಬಹಳ ವ್ಯಯವಾಗಲಾಗಿ ಆ ಪ್ರಯತ್ನವನ್ನು ಕೈಬಿಡಬೇಕಾಯಿತು.

ಇದಕ್ಕೆ ಕಾರಣವೇನು? ಕಣದಲ್ಲಿ ಮೇಟಿಯ ಸುತ್ತ ತಿರುಗುವ ಎತ್ತುಗಳನ್ನು ನೆನೆಯಿರಿ. ಒಳಗಿನ ಎತ್ತಿಗೆ ಸುತ್ತು ಚಿಕ್ಕದು, ಹೊರಗಿನದಕ್ಕೆ ದೊಡ್ಡದು. ಭೂಮಿಯನ್ನು ಸುತ್ತುವ ನೌಕೆಗಳಲ್ಲಿ ಇನ್ನೊಂದು ವಿಶೇಷವುಂಟು: ಒಳಸುತ್ತಿನಲ್ಲಿರುವುದು ಹೆಚ್ಚು ವೇಗವಾಗಿಯೂ ಓಡುತ್ತದೆ. 400 ಕಿಲೋಮೀಟರ್ ಎತ್ತರದಲ್ಲಿರುವ ನೌಕೆಯು ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ಓಡಿ, 92 ನಿಮಿಷಗಳಷ್ಟರಲ್ಲಿ ಒಂದು ಪ್ರದಕ್ಷಿಣೆಯನ್ನು ಮುಗಿಸುವುದು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದು ಸೆಕೆಂಡಿಗೆ 3.1 ಕಿಲೋಮೀಟರ್ ಮಾತ್ರ ಓಡಿ, ಸುತ್ತು ಮುಗಿಸಲು ಹತ್ತಿರ ಹತ್ತಿರ ಒಂದು ದಿವಸವನ್ನು ತೆಗೆದುಕೊಳ್ಳುವುದು. ಆದಕಾರಣ, ಮುಂದಿರುವುದನ್ನು ಹಿಡಿಯಲು ವೇಗವನ್ನು ಹೆಚ್ಚಿಸಿದರೆ ನೌಕೆಯು ಮೇಲಿನ ದಾರಿಗೆ ಏರಿ ಹಿಂದುಳಿಯುತ್ತದೆ. ಹಿಡಿಯಬೇಕಾದರೆ ಮೊದಲು ವೇಗವನ್ನು ತಗ್ಗಿಸಿ, ಕೆಳಗಿನ ದಾರಿಗೆ ಇಳಿದು, ಅಲ್ಲಿ ಮುಂದುವರಿದು, ಬಳಿಕ ಏರಬೇಕು. ಇದು ಕೈಚಳಕದಿಂದ ಬರುವುದಲ್ಲ, ಲೆಕ್ಕದಿಂದ ಬರುವುದು. ವರ್ಷಗಟ್ಟಲೆ ವಿಮಾನವನ್ನು ನಡೆಸಿದ ಅನುಭವವೇ ಇಲ್ಲಿ ದಾರಿ ತಪ್ಪಿಸುತ್ತದೆ.

ಇದೇ ವಿಷಯವನ್ನು ಗುರುಮುಖೇನ ಅಭ್ಯಾಸ ಮಾಡಿದವರು ಎಡ್ವಿನ್ ಆಲ್ಡ್ರಿನ್ ಎಂಬ ಇನ್ನೊಬ್ಬ ವಾಯುಸೇನಾಧಿಕಾರಿಗಳು. ಕೊರಿಯಾ ಯುದ್ಧದಲ್ಲಿ 66 ಬಾರಿ ಹಾರಿದ ಆ ಯೋಧರು 1959ರಲ್ಲಿ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಲಯದಲ್ಲಿ ವಿದ್ಯಾರ್ಥಿಯಾದರು. ವ್ಯೋಮದಲ್ಲಿ ಎರಡು ನೌಕೆಗಳು ಸಂಧಿಸುವ ರೀತಿಯನ್ನು ಕುರಿತು ಪ್ರಬಂಧವನ್ನು ಬರೆದು 1963ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. 1966ರ ನವೆಂಬರಿನಲ್ಲಿ ಜೆಮಿನಿ 12ರಲ್ಲಿ ಅವರು ಹೋಗುತ್ತಿರಲು, ದೂರವನ್ನು ತೋರಿಸುವ ರೇಡಾರ್ ಯಂತ್ರವು ಕೆಟ್ಟಿತು. ಆಗ ಆಲ್ಡ್ರಿನ್ನರು ಸೆಕ್ಸ್‌ಟೆಂಟಿನಿಂದ ಕೋನಗಳನ್ನು ಅಳೆದು, ಲೆಕ್ಕದ ಪಟ್ಟಿಗಳನ್ನು ನೋಡಿ ಹೇಳುತ್ತಿರಲು, ನಾಯಕರಾದ ಜೇಮ್ಸ್ ಲವೆಲ್ಲರು ನೌಕೆಯನ್ನು ನಡೆಸಿ ಗುರಿಯನ್ನು ಮುಟ್ಟಿಸಿದರು. ಕಲಿತ ವಿದ್ಯೆಯು ಆಪತ್ಕಾಲಕ್ಕೆ ಒದಗಿತು.

ಇಂಥ ಶಿಕ್ಷಣಕ್ಕಾಗಿಯೇ ಆ ದೇಶದಲ್ಲಿ ವಿದ್ಯಾಲಯಗಳಿವೆ. ಒಹಾಯೋ ಸಂಸ್ಥಾನದ ಡೇಟನ್ ನಗರದ ಬಳಿಯಲ್ಲಿರುವ ವಾಯುಸೇನಾ ತಂತ್ರವಿದ್ಯಾಲಯದ ಮೂಲವು 1919ರದು. 1909ರಲ್ಲಿ ಅನಾಪೊಲಿಸ್‌ನಲ್ಲಿ ಆರಂಭವಾದ ನೌಕಾದಳದ ಸ್ನಾತಕೋತ್ತರ ವಿದ್ಯಾಲಯವು 1951ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಗೆ ಬಂದು ನೆಲೆಸಿತು. ಇಲ್ಲಿನ ಪಾಠವು ಪುಸ್ತಕದಲ್ಲಿಯೇ ಮುಗಿಯುವುದಿಲ್ಲ. ಮಾಂಟೆರೇಯ ವಿದ್ಯಾರ್ಥಿಗಳಾದ ಅಧಿಕಾರಿಗಳು ಅಧ್ಯಾಪಕರೊಡನೆ ದುಡಿದು ನಿರ್ಮಿಸಿದ ಪ್ಯಾನ್‌ಸ್ಯಾಟ್ ಎಂಬ ಚಿಕ್ಕ ಉಪಗ್ರಹವನ್ನು 1998ರ ಅಕ್ಟೋಬರಿನಲ್ಲಿ ಡಿಸ್ಕವರಿ ನೌಕೆಯು ಕಕ್ಷೆಗೆ ಬಿಟ್ಟಿತು.

ಡೇಟನ್ನಿನಲ್ಲಿ 1978ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಗಯನ್ ಬ್ಲೂಫರ್ಡ್ ಎಂಬವರ ಕೆಲಸವು ನಮ್ಮ ನಾಡಿಗೂ ಸಂಬಂಧಪಟ್ಟದ್ದು. ವ್ಯೋಮಕ್ಕೆ ಹೋದ ಪ್ರಥಮ ಆಫ್ರಿಕನ್ ಅಮೆರಿಕನರಾದ ಇವರು 1983ರ ಆಗಸ್ಟಿನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದಾಗ, ಅದರೊಳಗಿಂದ ಹೊರಬಿಟ್ಟ ಉಪಗ್ರಹವು ಭಾರತದ ಇನ್ಸಾಟ್ 1ಬಿ. ಟೆಲಿಫೋನು, ದೂರದರ್ಶನ, ಹವಾಮಾನ ವರ್ತಮಾನ ಇವುಗಳಿಗೆ ನೆರವಾದ ಆ ಉಪಗ್ರಹವನ್ನು ನಮ್ಮ ಹಾಸನದ ನಿಯಂತ್ರಣ ಕೇಂದ್ರದಿಂದ ನಡೆಸುತ್ತಿದ್ದರು.

ಈ ವಿದ್ಯೆಯು ಪುರುಷರ ಸೊತ್ತೂ ಅಲ್ಲ. ವಾಯುಸೇನಾ ಅಕಾಡೆಮಿಯಿಂದ ಸ್ತ್ರೀಯರು ಮೊದಲ ಬಾರಿಗೆ ಹೊರಬಂದ 1980ರ ತರಗತಿಯ ಸೂಸನ್ ಹೆಲ್ಮ್ಸ್ ಎಂಬಾಕೆಯು 1985ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು, 1993ರಲ್ಲಿ ವ್ಯೋಮಕ್ಕೆ ಹೋದರು. 2001ರ ಮಾರ್ಚಿನಲ್ಲಿ ಸಂಗಡಿಗರೊಬ್ಬರೊಡನೆ 8 ಗಂಟೆ 56 ನಿಮಿಷಗಳ ಕಾಲ ನೌಕೆಯ ಹೊರಗಿದ್ದು ಕೆಲಸ ಮಾಡಿದರು. 2024ರ ವರೆಗೆ ಅದನ್ನು ಮೀರಿದವರಿರಲಿಲ್ಲ. ನಮ್ಮ ದೇಶದಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉನ್ನತ ವ್ಯಾಸಂಗ ಮಾಡಿದ ವಾಯುಸೇನೆಯ ಶುಭಾಂಶು ಶುಕ್ಲರು 2025ರಲ್ಲಿ ಅಂತರರಾಷ್ಟ್ರೀಯ ವ್ಯೋಮನಿಲ್ದಾಣಕ್ಕೆ ಹೋಗಿಬಂದರು.

ಒಂದು ಮಾತನ್ನು ನಾವು ಮರೆಯಲಾಗದು. ಚಂಡಮಾರುತದ ಸುಳಿವನ್ನು ಕೊಡುವ ಉಪಗ್ರಹಕ್ಕೂ ಶತ್ರುವಿನ ಪಾಳೆಯವನ್ನು ನೋಡುವ ಉಪಗ್ರಹಕ್ಕೂ ಲೆಕ್ಕವು ಒಂದೇ. ಯಾವುದಕ್ಕೆ ಬಳಸಬೇಕೆಂಬುದನ್ನು ಲೆಕ್ಕವು ಹೇಳಿಕೊಡದು. ಆಯುಧವನ್ನು ಹಿಡಿದವರ ಕೈಗೆ ಇಂಥ ವಿದ್ಯೆಯನ್ನು ಕೊಡುವಾಗ ವಿವೇಕವನ್ನೂ ಜೊತೆಗೆ ಕೊಡಬೇಕಾದುದು ಗುರುಗಳ ಹೊಣೆ.

ತಂದೆತಾಯಂದಿರೇ, ಮಗಳಿಗೆ ಇಷ್ಟು ಗಣಿತ ಸಾಕೆಂದು ಹೇಳುವ ಮೊದಲು ಸ್ವಲ್ಪ ಆಲೋಚಿಸಿರಿ. ಶಾಲೆಯನ್ನು ಬಿಟ್ಟು ಬಹುಕಾಲವಾದ ಸೋದರಿಯರೇ, ಮತ್ತೆ ಕಲಿಯಲು ನಾಚದಿರಿ. ಮುಂದೆ ಹೋಗಬೇಕಾದವರು ಒಮ್ಮೊಮ್ಮೆ ವೇಗವನ್ನು ತಗ್ಗಿಸಿ ಕೆಳಗಿಳಿಯಬೇಕಾಗುವುದೆಂದು ಆಕಾಶವೇ ನಮಗೆ ಕಲಿಸುತ್ತದೆಯಷ್ಟೆ.