ಏಕಕೋಶ ಜೀವಿಗಳ ಬಂಧುತ್ವ

ಬರಿಗಣ್ಣಿಗೆ ಕಾಣದ, ರೋಗವನ್ನುಂಟುಮಾಡುವ ಏಕಕೋಶ ಜೀವಿಗಳನ್ನೆಲ್ಲ ‘ರೋಗಾಣು’ ಎಂಬ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆ. ಆದರೆ ಅವೆಲ್ಲವೂ ಒಂದೇ ಕುಲಕ್ಕೆ ಸೇರಿದವಲ್ಲ. ಅವುಗಳ ವಂಶವನ್ನು ಅರಿಯುವುದು ಶಾಸ್ತ್ರದ ಕುತೂಹಲಕ್ಕೆ ಮಾತ್ರವಲ್ಲದೆ ರೋಗಚಿಕಿತ್ಸೆಗೂ ಅಗತ್ಯವಾಗಿದೆ.

ಹಿಂದೆ ಈ ಜೀವಿಗಳನ್ನು ಮುಖ್ಯವಾಗಿ ಅವುಗಳ ಆಕಾರ, ಚಲನೆ ಹಾಗೂ ಆಹಾರಕ್ರಮಗಳನ್ನು ನೋಡಿ ವಿಂಗಡಿಸಲಾಗುತ್ತಿತ್ತು. ಜೀವಕೋಶದಲ್ಲಿ ಪ್ರೋಟೀನುಗಳನ್ನು ತಯಾರಿಸುವ ರೈಬೋಸೋಮ್ ಎಂಬ ಕಣಗಳಿವೆ. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಅವರು ಈ ಕಣಗಳ ಆರ್‌ಎನ್‌ಎ ರಚನೆಯನ್ನು ಹೋಲಿಸಿ ನೋಡಿದರು. ಬ್ಯಾಕ್ಟೀರಿಯಾಗಳಂತೆಯೇ ತೋರುವ, ಮೀಥೇನ್ ಅನಿಲವನ್ನು ಉತ್ಪಾದಿಸುವ ಜೀವಿಗಳು ಬೇರೆಯೇ ವಂಶಕ್ಕೆ ಸೇರಿದವೆಂದು ಇದರಿಂದ ತಿಳಿದುಬಂದಿತು. ಗೋಬರ್ ಅನಿಲ ಸ್ಥಾವರಗಳಲ್ಲಿ ಕಾರ್ಯನಿರತವಾಗಿರುವ ಈ ಜೀವಿಗಳ ವಂಶವನ್ನು ಈಗ ಆರ್ಕಿಯಾ ಎನ್ನುತ್ತಾರೆ. ನೋಟಕ್ಕೆ ಬ್ಯಾಕ್ಟೀರಿಯಾಗಳನ್ನು ಹೋಲಿದರೂ ವಂಶದಲ್ಲಿ ಇವು ಕೋಶಕೇಂದ್ರವುಳ್ಳ ಜೀವಿಗಳಿಗೆ, ಎಂದರೆ ನಮಗೆ, ಹೆಚ್ಚು ಸಮೀಪವಾಗಿವೆ.

ಕೋಶಕೇಂದ್ರವುಳ್ಳ ಏಕಕೋಶ ಜೀವಿಗಳಲ್ಲೂ ಇಂತಹ ಭಿನ್ನತೆಯುಂಟು. ಆಮಶಂಕೆಯನ್ನುಂಟುಮಾಡುವ ಅಮೀಬಾ ಮತ್ತು ಮಲೇರಿಯಾಕ್ಕೆ ಕಾರಣವಾದ ಪ್ಲಾಸ್ಮೋಡಿಯಂ ಇವೆರಡನ್ನೂ ಹಿಂದೆ ಒಂದೇ ಗುಂಪಿನಲ್ಲಿ ಇರಿಸಲಾಗಿತ್ತು. ವಾಸ್ತವವಾಗಿ ಅಮೀಬಾ ಪ್ಲಾಸ್ಮೋಡಿಯಂಗಿಂತ ಮನುಷ್ಯನಿಗೇ ಹತ್ತಿರದ ಬಂಧು. ಪ್ಲಾಸ್ಮೋಡಿಯಂನ ಬಂಧುಗಳಲ್ಲಿ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಏಕಕೋಶ ಪಾಚಿಗಳೂ ಇವೆ.

1897ರಲ್ಲಿ ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಜೀವಿಯನ್ನು ಗುರುತಿಸಿದರು. ಅದಾಗಿ ಸುಮಾರು ಒಂದು ಶತಮಾನದ ಬಳಿಕ, ಅದೇ ಜೀವಿಯೊಳಗೆ ಪಾಚಿಯಿಂದ ಬಂದ ಒಂದು ಅಂಗಕ ಉಳಿದಿರುವುದು ಸ್ಪಷ್ಟವಾಯಿತು. ಇದರ ಹೆಸರು ಅಪಿಕೋಪ್ಲಾಸ್ಟ್. ಇದು ಬೆಳಕನ್ನು ಹೀರುವ ಶಕ್ತಿಯನ್ನು ಕಳೆದುಕೊಂಡಿದ್ದರೂ ಇದಿಲ್ಲದೆ ಪ್ಲಾಸ್ಮೋಡಿಯಂ ಬದುಕಲಾರದು. ಇದರ ರೈಬೋಸೋಮುಗಳು ಬ್ಯಾಕ್ಟೀರಿಯಾಗಳ ರೈಬೋಸೋಮುಗಳನ್ನು ಹೋಲುತ್ತವೆ. ಆದುದರಿಂದಲೇ ಬ್ಯಾಕ್ಟೀರಿಯಾಗಳನ್ನು ತಡೆಯುವ ಡಾಕ್ಸಿಸೈಕ್ಲಿನ್ ಔಷಧವು ಮಲೇರಿಯಾದ ಮೇಲೂ ಪರಿಣಾಮ ಬೀರುತ್ತದೆ. ಆದರೆ ಅದರ ಪರಿಣಾಮ ನಿಧಾನವಾದುದರಿಂದ, ಚಿಕಿತ್ಸೆಯಲ್ಲಿ ಅದನ್ನು ಶೀಘ್ರವಾಗಿ ಕೆಲಸಮಾಡುವ ಮತ್ತೊಂದು ಔಷಧದೊಡನೆ ನೀಡಲಾಗುತ್ತದೆ.

ಹೀಗೆ ಪ್ರತಿಯೊಂದು ರೋಗಾಣುವಿನ ವಂಶವೂ ಬೇರೆ, ಅದಕ್ಕೆ ತಕ್ಕ ಮದ್ದೂ ಬೇರೆ. ಒಬ್ಬರ ಜ್ವರಕ್ಕೆ ಗುಣ ನೀಡಿದ ಮಾತ್ರೆ ಇನ್ನೊಬ್ಬರ ಜ್ವರಕ್ಕೆ ನಿಷ್ಪ್ರಯೋಜಕವಾಗಬಹುದು. ಸರಿಯಾದ ಚಿಕಿತ್ಸೆ ತಡವಾದರೆ ಮಲೇರಿಯಾ ಪ್ರಾಣಕ್ಕೂ ಎರವಾಗಬಹುದು. ಆದುದರಿಂದ ಚಳಿಜ್ವರ ಬಂದಾಗ ಮನೆಯಲ್ಲಿ ಉಳಿದಿರುವ ಮಾತ್ರೆಗಳನ್ನು ನುಂಗದೆ, ಸಮೀಪದ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಸೂಚಿಸಿದ ಔಷಧವನ್ನು ಸೂಚಿಸಿದಷ್ಟು ದಿನ ತಪ್ಪದೆ ಸೇವಿಸತಕ್ಕದ್ದು.