ಒಂದು ಅಡ್ಡಹೆಸರು, 44 ಸಾವಿರ ದೂರುಗಳು

ನಮ್ಮ ತರಗತಿಗಳಲ್ಲಿ ಅಡ್ಡಹೆಸರಿಲ್ಲದ ವಿದ್ಯಾರ್ಥಿಗಳು ಕಡಿಮೆ. ಕೆಲವು ಹೆಸರುಗಳು ಸಲುಗೆಯಿಂದ ಬಂದವು, ಅವುಗಳಿಂದ ಯಾರಿಗೂ ನೋವಿಲ್ಲ. ಇನ್ನು ಕೆಲವು ಮೈಬಣ್ಣವನ್ನೋ, ಊರನ್ನೋ, ಮನೆಮಾತನ್ನೋ, ತಂದೆಯ ಕೆಲಸವನ್ನೋ ಹಿಡಿದು ಬಂದವು. ಕರೆಯುವವರಿಗೆ ಅದು ತಮಾಷೆ. ಕರೆಸಿಕೊಳ್ಳುವವರೂ ಜೊತೆಗೆ ನಗುತ್ತಾರೆ, ಆದ್ದರಿಂದ ಅವರಿಗೆ ಬೇಸರವಿಲ್ಲ ಎಂದು ನಾವು ತಿಳಿದುಕೊಳ್ಳುತ್ತೇವೆ.

ಇಂಥದೇ ಒಂದು ಅಡ್ಡಹೆಸರು 2007ರಲ್ಲಿ ಎರಡು ದೇಶಗಳ ಮಂತ್ರಿಗಳು ಬಾಯಿಬಿಡಬೇಕಾದಷ್ಟು ದೊಡ್ಡ ಸುದ್ದಿಯಾಯಿತು. ನಿಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಲ್ಲ. ಒಬ್ಬ ಪ್ರಸಿದ್ಧ ವ್ಯಕ್ತಿ ಜನಾಂಗೀಯ ನಿಂದನೆಯ ಮಾತಾಡಿದಾಗ ಸಮಾಜ ಹೇಗೆ ಪ್ರತಿಕ್ರಿಯಿಸುತ್ತದೆ, ಆ ಪ್ರತಿಕ್ರಿಯೆಯಲ್ಲಿ ನ್ಯಾಯ ಎಷ್ಟು, ಗದ್ದಲ ಎಷ್ಟು ಎಂಬುದನ್ನು ತಿಳಿಯಲು ಈ ಪ್ರಕರಣ ಒಳ್ಳೆಯ ಪಾಠ.

ನಡೆದದ್ದೇನು?

ಬ್ರಿಟನ್ನಿನ ಚಾನೆಲ್ 4 ವಾಹಿನಿಯಲ್ಲಿ ‘ಸೆಲೆಬ್ರಿಟಿ ಬಿಗ್ ಬ್ರದರ್’ ಎಂಬ ಕಾರ್ಯಕ್ರಮ ಪ್ರಸಾರವಾಗುತ್ತಿತ್ತು. ನಮ್ಮಲ್ಲಿ ಬರುವ ‘ಬಿಗ್ ಬಾಸ್’ ಇದೇ ಮಾದರಿಯದು. 2007ರ ಜನವರಿಯಲ್ಲಿ ಆ ಮನೆಯೊಳಗೆ ಹೋದವರಲ್ಲಿ ಹಿಂದಿ ಚಿತ್ರನಟಿ ಶಿಲ್ಪಾ ಶೆಟ್ಟಿ ಒಬ್ಬರು. ಅವರು ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಅದೇ ಮನೆಯಲ್ಲಿ ಜೇಡ್ ಗೂಡಿ, ಡೇನಿಯಲ್ ಲಾಯ್ಡ್, ಜೋ ಓಮಿಯಾರಾ ಎಂಬ ಮೂವರು ಬ್ರಿಟಿಷ್ ಯುವತಿಯರಿದ್ದರು.

ಮೊದಲು ಶುರುವಾದದ್ದು ಹೆಸರಿನಿಂದ. ಜೇಡ್ ಅವರ ತಾಯಿಯೂ ಕೆಲವು ದಿನ ಆ ಮನೆಯಲ್ಲಿದ್ದರು. ‘ಶಿಲ್ಪಾ’ ಎಂಬ ಎರಡಕ್ಷರದ ಹೆಸರನ್ನು ಅವರು ಸರಿಯಾಗಿ ಉಚ್ಚರಿಸಲೇ ಇಲ್ಲ. ಆಮೇಲೆ ಶಿಲ್ಪಾ ಮಾತನಾಡುವ ಇಂಗ್ಲಿಷಿನ ಶೈಲಿಯ ಅಣಕ ನಡೆಯಿತು. ಭಾರತೀಯರು ತೆಳ್ಳಗಿರುವುದು ಸರಿಯಾಗಿ ಬೇಯದ ಅಡುಗೆ ತಿಂದು ಕಾಯಿಲೆ ಬೀಳುವುದರಿಂದ ಎಂಬ ಮಾತು ಬಂತು. ಶಿಲ್ಪಾ ಕೈಯಿಂದ ಮುಟ್ಟಿದ ಆಹಾರದ ಬಗ್ಗೆ ಅಸಹ್ಯಪಟ್ಟುಕೊಂಡದ್ದೂ ಆಯಿತು. ‘ತನ್ನ ದೇಶಕ್ಕೆ ತೊಲಗಲಿ’ ಎನ್ನುವ ಅರ್ಥದ ಮಾತೂ ಆ ಮನೆಯಿಂದ ಹೊರಗೆ ಕೇಳಿಸಿತು. ಈ ಕೊನೆಯ ಮಾತನ್ನು ಬೇರೆ ಬೇರೆ ರೂಪದಲ್ಲಿ ಕೇಳಿಸಿಕೊಂಡವರು ನಮ್ಮ ಓದುಗರಲ್ಲೂ ಇದ್ದಾರೆ. ಅದು ಎಲ್ಲಿ ತಾಗುತ್ತದೆ ಎಂದು ಅವರಿಗೆ ವಿವರಿಸಬೇಕಾಗಿಲ್ಲ.

ಕೊನೆಗೆ ಸಾರಿಗೆ ಹಾಕುವ ಸ್ಟಾಕ್ ಕ್ಯೂಬ್ ಎಂಬ ಸಣ್ಣ ಬಿಲ್ಲೆಗಳ ವಿಚಾರಕ್ಕೆ ದೊಡ್ಡ ಜಗಳವಾಯಿತು. ಜೇಡ್ ಕಿರುಚಾಡಿದರು. ಕೊಳೆಗೇರಿಯಲ್ಲಿ ಒಂದು ದಿನ ಇದ್ದು ನೋಡು ಎಂದರು. ಆಮೇಲೆ ಶಿಲ್ಪಾಳ ಬೆನ್ನ ಹಿಂದೆ ಆಕೆಯ ಮನೆತನದ ಹೆಸರಿನ ಜಾಗದಲ್ಲಿ ‘ಪಾಪಡಂ’, ಅಂದರೆ ಹಪ್ಪಳ, ಎಂದು ಸೇರಿಸಿ ಕರೆದರು. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಬಿಲ್ಲೆಗಾಗಿ ಜಗಳವಾಡುವುದು ಜನಾಂಗೀಯ ನಿಂದನೆಯಲ್ಲ, ಅದು ಯಾವ ಮನೆಯಲ್ಲೂ ನಡೆಯುವಂಥದ್ದು. ಆದರೆ ಎದುರಿಗಿರುವವಳ ತಪ್ಪೇನೆಂದು ಹೇಳುವ ಬದಲು ಅವಳ ದೇಶ, ಊಟ, ಹೆಸರುಗಳನ್ನೇ ಬೈಗುಳವಾಗಿ ಬಳಸಿದಾಗ ಅದು ಜನಾಂಗೀಯ ನಿಂದನೆಯಾಗುತ್ತದೆ. ಆಗ ಪೆಟ್ಟು ಒಬ್ಬರಿಗೆ ಮಾತ್ರ ಬೀಳುವುದಿಲ್ಲ, ಆ ಹೆಸರು, ಆ ಊಟ, ಆ ಭಾಷೆ ಇರುವ ಎಲ್ಲರಿಗೂ ಬೀಳುತ್ತದೆ. ದೂರು ಕೊಟ್ಟ ಸಾವಿರಾರು ಜನರಿಗೆ ಶಿಲ್ಪಾ ಪರಿಚಯವೇ ಇರಲಿಲ್ಲ. ಆದರೂ ಅವರಿಗೆ ನೋವಾದದ್ದು ಈ ಕಾರಣಕ್ಕೆ.

ಪ್ರತಿಕ್ರಿಯೆಯ ನಾಲ್ಕು ಮುಖಗಳು

ಮೊದಲನೆಯದು ವೀಕ್ಷಕರದು. ಬ್ರಿಟನ್ನಿನಲ್ಲಿ ಪ್ರಸಾರ ಮಾಧ್ಯಮಗಳ ಮೇಲೆ ನಿಗಾ ಇಡುವ ಸಂಸ್ಥೆಯ ಹೆಸರು ಆಫ್‌ಕಾಮ್. ಅದಕ್ಕೆ ಈ ಕಾರ್ಯಕ್ರಮದ ಬಗ್ಗೆ 44,500ಕ್ಕೂ ಹೆಚ್ಚು ದೂರುಗಳು ಬಂದವು. ಅಲ್ಲಿಯವರೆಗೆ ಯಾವ ಕಾರ್ಯಕ್ರಮಕ್ಕೂ ಅಷ್ಟು ದೂರು ಬಂದಿರಲಿಲ್ಲ. ದೂರು ಕೊಟ್ಟವರು ಭಾರತೀಯ ಮೂಲದವರು ಮಾತ್ರ ಆಗಿರಲಿಲ್ಲ.

ಎರಡನೆಯದು ರಾಜಕಾರಣಿಗಳದು. ಸಂಸದ ಕೀತ್ ವಾಜ್ ಈ ವಿಷಯವನ್ನು ಬ್ರಿಟಿಷ್ ಸಂಸತ್ತಿನಲ್ಲಿ ಎತ್ತಿದರು. ಪ್ರಧಾನಿ ಟೋನಿ ಬ್ಲೇರ್ ತಾವು ಕಾರ್ಯಕ್ರಮ ನೋಡಿಲ್ಲ, ಆದರೆ ಜನಾಂಗೀಯತೆಯನ್ನು ಎಲ್ಲ ರೂಪದಲ್ಲೂ ವಿರೋಧಿಸಬೇಕು ಎಂಬರ್ಥದ ಉತ್ತರ ಕೊಟ್ಟರು. ಅದೇ ದಿನಗಳಲ್ಲಿ ಹಣಕಾಸು ಸಚಿವ ಗೋರ್ಡನ್ ಬ್ರೌನ್ ಭಾರತ ಪ್ರವಾಸದಲ್ಲಿದ್ದರು. ವ್ಯಾಪಾರದ ಮಾತುಕತೆಗೆಂದು ಬೆಂಗಳೂರಿಗೆ ಬಂದ ಅವರಿಗೆ ಪತ್ರಕರ್ತರಿಂದ ಎದುರಾದದ್ದು ಶಿಲ್ಪಾ ಶೆಟ್ಟಿಯ ಕುರಿತ ಪ್ರಶ್ನೆ.

ಮೂರನೆಯದು ಮಾರುಕಟ್ಟೆಯದು. ಕಾರ್ಯಕ್ರಮದ ಪ್ರಾಯೋಜಕ ಸಂಸ್ಥೆ ಕಾರ್‌ಫೋನ್ ವೇರ್‌ಹೌಸ್ ತನ್ನ ಪ್ರಾಯೋಜಕತ್ವವನ್ನು ತಡೆಹಿಡಿಯಿತು. ಜೇಡ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಸುಗಂಧದ್ರವ್ಯವನ್ನು ಅಂಗಡಿಗಳು ಕಪಾಟಿನಿಂದ ತೆಗೆದವು. ಆದರೆ ಇದೇ ಹೊತ್ತಿನಲ್ಲಿ ಕಾರ್ಯಕ್ರಮದ ವೀಕ್ಷಕರ ಸಂಖ್ಯೆ ಏರಿತ್ತು ಎಂಬುದನ್ನೂ ಮರೆಯಬಾರದು. ಬೈಯುವುದಕ್ಕಾಗಿಯೇ ನೋಡಿದವರೂ ಬಹಳ ಮಂದಿ ಇದ್ದರು.

ನಾಲ್ಕನೆಯದು ಬೀದಿಯದು. ಬಿಹಾರದ ಪಾಟ್ನಾದಲ್ಲಿ ಕಾರ್ಯಕ್ರಮದ ಆಯೋಜಕರ ಪ್ರತಿಕೃತಿಗಳನ್ನು ಸುಟ್ಟು ಪ್ರತಿಭಟಿಸಿದರು.

ಜನವರಿ 19ರಂದು ಜೇಡ್ ಮತ್ತು ಶಿಲ್ಪಾ ನಡುವೆ ಯಾರು ಮನೆಯಿಂದ ಹೊರಹೋಗಬೇಕು ಎಂಬ ಮತದಾನ ನಡೆದಾಗ ಶೇ. 82ರಷ್ಟು ಮತಗಳು ಜೇಡ್ ವಿರುದ್ಧ ಬಿದ್ದವು. ಸಾಮಾನ್ಯವಾಗಿ ಹೊರಬರುವವರನ್ನು ಎದುರುಗೊಳ್ಳಲು ಜನಸಂದಣಿ ಇರುತ್ತದೆ. ಆ ರಾತ್ರಿ ಜನರನ್ನು ಬಿಟ್ಟಿರಲಿಲ್ಲ. ಜೇಡ್ ಖಾಲಿ ಅಂಗಳಕ್ಕೆ ಇಳಿದುಬಂದರು. ಜನವರಿ 28ರಂದು ಶಿಲ್ಪಾ ಕಾರ್ಯಕ್ರಮದ ವಿಜೇತರಾದರು.

ಯಾವುದು ಉಪಯೋಗಕ್ಕೆ ಬಂತು?

ಆರಂಭದಲ್ಲಿ ವಾಹಿನಿಯವರು ಇದು ಜನಾಂಗೀಯತೆಯಲ್ಲ, ಬೇರೆ ಬೇರೆ ಸಂಸ್ಕೃತಿ ಮತ್ತು ವರ್ಗಗಳ ಘರ್ಷಣೆ ಎಂದು ಸಮರ್ಥಿಸಿಕೊಂಡಿದ್ದರು. ಗದ್ದಲ ಅಡಗಿ ಎಲ್ಲರೂ ಮರೆಯುವ ಹೊತ್ತಿಗೆ, ಅಂದರೆ 2007ರ ಮೇ ತಿಂಗಳಲ್ಲಿ, ಆಫ್‌ಕಾಮ್ ತನ್ನ ತೀರ್ಮಾನ ಪ್ರಕಟಿಸಿತು. ವಾಹಿನಿ ಪ್ರಸಾರ ಸಂಹಿತೆಯನ್ನು ಉಲ್ಲಂಘಿಸಿದೆ ಎಂದಿತು. ಆ ತೀರ್ಮಾನವನ್ನು ವಾಹಿನಿ ತನ್ನದೇ ಪರದೆಯ ಮೇಲೆ ಪ್ರಸಾರ ಮಾಡಬೇಕೆಂದು ಆದೇಶಿಸಿತು. ಅಂದರೆ ಮಾತಾಡಿದವರಷ್ಟೇ ಅಲ್ಲ, ಆ ಮಾತನ್ನು ಸರಕು ಮಾಡಿ ಮಾರಿದವರೂ ಹೊಣೆಗಾರರು ಎಂದು ಒಂದು ಸಂಸ್ಥೆ ಬರೆದು ಹೇಳಿತು. ಇದು ಸಾಧ್ಯವಾದದ್ದು ಜನರು ಕೂತು ಬರೆದ ದೂರುಗಳಿಂದ. ಸುಟ್ಟ ಪ್ರತಿಕೃತಿಗಳು ಮರುದಿನಕ್ಕೆ ಬೂದಿಯಾದವು. ದೂರುಗಳು ಕಡತದಲ್ಲಿ ಉಳಿದು ಉತ್ತರ ಕೇಳಿದವು. ಅನ್ಯಾಯ ಕಂಡಾಗ ಅರ್ಜಿ ಬರೆಯುವುದು ನಿಷ್ಪ್ರಯೋಜಕ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಗುಂಪಿನ ಕೋಪಕ್ಕೆ ಇನ್ನೊಂದು ಮುಖವೂ ಇತ್ತು. ಜೇಡ್ ಗೂಡಿ ಲಂಡನ್ನಿನ ಬರ್ಮಂಡ್ಸಿ ಎಂಬ ಕಾರ್ಮಿಕರ ಬಡಾವಣೆಯ ಹುಡುಗಿ. ದಂತವೈದ್ಯರ ಬಳಿ ಸಹಾಯಕಿಯಾಗಿದ್ದವರು. 2002ರಲ್ಲಿ ‘ಬಿಗ್ ಬ್ರದರ್’ಗೆ ಬಂದಾಗ ಆಕೆಯ ಅಜ್ಞಾನವನ್ನೂ ಮೈಕಟ್ಟನ್ನೂ ಪತ್ರಿಕೆಗಳು ಹಂದಿಗೆ ಹೋಲಿಸಿ ಲೇವಡಿ ಮಾಡಿದ್ದವು. ಆ ಲೇವಡಿಯಿಂದಲೇ ಆಕೆ ಪ್ರಸಿದ್ಧರಾದರು. ಆಕೆಯ ತಂದೆ ಮಿಶ್ರ ಜನಾಂಗದವರು. ಅಂದರೆ ಬಣ್ಣದ ಮಾತು ಆಕೆಯ ಸ್ವಂತ ಮನೆಯ ವಿಷಯವೂ ಆಗಿತ್ತು. 2007ರಲ್ಲಿ ಅವೇ ಪತ್ರಿಕೆಗಳು ಆಕೆಯನ್ನು ಇಡೀ ದೇಶದ ದ್ವೇಷದ ಮುಖವೆಂದು ಬಿಂಬಿಸಿದವು. ಇದರಿಂದ ಬ್ರಿಟನ್ನಿನ ಉಳಿದವರಿಗೆ ಒಂದು ಅನುಕೂಲವಾಯಿತು. ಜನಾಂಗೀಯತೆ ಎಂದರೆ ಓದು ಬರಹ ಕಲಿಯದ ಬಡವರ ರೋಗ, ನಮ್ಮದಲ್ಲ ಎಂದು ಅವರು ನೆಮ್ಮದಿಯಾಗಿರಬಹುದಿತ್ತು.

ದೃಶ್ಯಗಳನ್ನು ನೋಡಿದ ಮೇಲೆ ಜೇಡ್ ತನ್ನ ಮಾತು ಜನಾಂಗೀಯವಾಗಿತ್ತೆಂದು ಒಪ್ಪಿ ಕ್ಷಮೆ ಕೇಳಿದರು. ಶಿಲ್ಪಾ ಆಕೆಯನ್ನು ಕ್ಷಮಿಸಿದರು. 2008ರಲ್ಲಿ ಶಿಲ್ಪಾ ನಿರೂಪಿಸುತ್ತಿದ್ದ ಹಿಂದಿ ‘ಬಿಗ್ ಬಾಸ್’ಗೆ ಜೇಡ್ ಬಂದರು. ಆ ಮನೆಯೊಳಗಿದ್ದಾಗಲೇ ತನಗೆ ಗರ್ಭಕಂಠದ ಕ್ಯಾನ್ಸರ್ ಇದೆಯೆಂದು ಗೊತ್ತಾಗಿ ಊರಿಗೆ ಮರಳಿದರು. 2009ರ ಮಾರ್ಚ್ 22ರಂದು, 27ನೆಯ ವಯಸ್ಸಿನಲ್ಲಿ, ಎರಡು ಪುಟ್ಟ ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡರು. ಬೆಂಗಳೂರಿನಲ್ಲಿ ಆ ಮುಜುಗರದ ಪ್ರಶ್ನೆ ಎದುರಿಸಿದ್ದ ಗೋರ್ಡನ್ ಬ್ರೌನ್ ಆಗ ಪ್ರಧಾನಿಯಾಗಿದ್ದರು. ಅವರೂ ಶ್ರದ್ಧಾಂಜಲಿ ಸಲ್ಲಿಸಿದರು. ಆಕೆಯ ಸಾವಿನಿಂದ ಆಕೆಯ ಮಾತು ಸರಿಯಾಗುವುದಿಲ್ಲ. ಆದರೆ ಒಂದು ತಪ್ಪು ಮಾತಿನೊಳಗೆ ಒಬ್ಬ ಮನುಷ್ಯನ ಇಡೀ ಬದುಕನ್ನು ಕಟ್ಟಿಹಾಕಬಾರದು ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಕಡೆಗೆ ನೋಡಿದಾಗ

ಜನವರಿಯಲ್ಲಿ ಭಾರತೀಯರಾದ ನಮಗೆ ಅವಮಾನವಾಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ಕ್ರಿಕೆಟ್ ತಂಡ ಭಾರತಕ್ಕೆ ಬಂತು. ಆ ತಂಡದಲ್ಲಿ ಆಂಡ್ರ್ಯೂ ಸೈಮಂಡ್ಸ್ ಎಂಬ ಕೆರಿಬಿಯನ್ ಮೂಲದ ಆಟಗಾರರಿದ್ದರು. ವಡೋದರ ಮತ್ತು ಮುಂಬೈ ಪಂದ್ಯಗಳಲ್ಲಿ ಪ್ರೇಕ್ಷಕರಲ್ಲಿ ಕೆಲವರು ಅವರನ್ನು ನೋಡಿ ಮಂಗನಂತೆ ಕೂಗಿದರು, ಹಾವಭಾವ ಮಾಡಿದರು. ಮುಂಬೈಯಲ್ಲಿ ಕೆಲವರನ್ನು ಪೊಲೀಸರು ಹಿಡಿದು ಹೊರಹಾಕಿದರು. ಒಂಬತ್ತು ತಿಂಗಳ ಹಿಂದೆ ಪ್ರತಿಭಟಿಸಿದವರೇ ಇವರು ಎಂದು ಹೇಳುವಂತಿಲ್ಲ. ಆದರೆ ಶಿಲ್ಪಾಗಾಗಿ ಎದ್ದ ದನಿಯಷ್ಟು ದೊಡ್ಡ ದನಿ ಸೈಮಂಡ್ಸ್‌ಗಾಗಿ ನಮ್ಮ ದೇಶದಲ್ಲಿ ಏಳಲಿಲ್ಲ. ನಮ್ಮವರಿಗೆ ತಾಗಿದಾಗ ಅದು ಜನಾಂಗೀಯತೆ, ನಮ್ಮಿಂದ ತಾಗಿದಾಗ ಬರೀ ತಮಾಷೆ ಎಂಬ ಎರಡು ಅಳತೆ ನಮ್ಮಲ್ಲೂ ಇದೆ.

ಪ್ರವಾದಿಯವರು(ಸ) ತೋರಿಸಿದ ರೀತಿ

ಸಮಾಜದಲ್ಲಿ ಗೌರವವಿರುವ ವ್ಯಕ್ತಿಯೊಬ್ಬರು ಇಂಥ ಮಾತಾಡಿದಾಗ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ನಮ್ಮ ಬಳಿ ಹಳೆಯ ಉದಾಹರಣೆಯಿದೆ. ಹಝ್ರತ್ ಅಬೂಝರ್(ರ) ಆರಂಭಕಾಲದಲ್ಲೇ ಇಸ್ಲಾಮ್ ಸ್ವೀಕರಿಸಿದ, ಸತ್ಯನಿಷ್ಠೆಗೆ ಹೆಸರಾದ ಸಹಾಬಿ. ಒಮ್ಮೆ ಜಗಳದಲ್ಲಿ ಅವರು ಒಬ್ಬರನ್ನು ತಾಯಿಯ ಮೂಲ ಎತ್ತಿ ಹಂಗಿಸಿದರು. ಆ ವ್ಯಕ್ತಿ ಹಝ್ರತ್ ಬಿಲಾಲ್(ರ) ಎಂದು ರೂಢಿಯಲ್ಲಿ ಹೇಳುತ್ತಾರೆ. ವಿಷಯ ಪ್ರವಾದಿಯವರಿಗೆ(ಸ) ತಲುಪಿತು. ಈ ಘಟನೆ ಸಹೀಹ್ ಬುಖಾರಿಯಲ್ಲಿದೆ.

ಪ್ರವಾದಿಯವರು(ಸ) ಮೂರು ಕೆಲಸ ಮಾಡಿದರು. ಮೊದಲು, ತಾಯಿಯ ಹೆಸರೆತ್ತಿ ಹಂಗಿಸಿದೆಯಾ ಎಂದು ಅಬೂಝರ್‌ರನ್ನೇ ನೇರವಾಗಿ ಕೇಳಿದರು. ಎರಡನೆಯದಾಗಿ, ಅವರಲ್ಲಿ ಜಾಹಿಲಿಯ್ಯತ್, ಅಂದರೆ ಅಜ್ಞಾನಕಾಲದ ಗುಣ, ಇನ್ನೂ ಉಳಿದಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಪ್ತ ಅನುಯಾಯಿ ಎಂದು ರಿಯಾಯಿತಿ ಕೊಡಲಿಲ್ಲ. ಹಾಗೆಂದು ಸಮುದಾಯದಿಂದ ಹೊರಗೂ ಹಾಕಲಿಲ್ಲ. ಗುಣವನ್ನು ಖಂಡಿಸಿದರು, ಮನುಷ್ಯನನ್ನು ಉಳಿಸಿಕೊಂಡರು. ಮೂರನೆಯದಾಗಿ, ಮುಂದೆ ಮಾಡಬೇಕಾದ್ದನ್ನು ಹೇಳಿದರು. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೆ ಉಣಿಸಬೇಕು, ನೀವು ಉಡುವುದನ್ನೇ ಉಡಿಸಬೇಕು ಎಂಬುದು ಅದರ ಸಾರ.

ಎಷ್ಟೋ ಕಾಲದ ನಂತರ ರಬಝಾ ಎಂಬ ಊರಿನಲ್ಲಿ ಒಬ್ಬರು ಅಬೂಝರ್‌ರನ್ನು(ರ) ಕಂಡರು. ಅವರ ಮೈಮೇಲಿದ್ದಂಥದೇ ಉಡುಪು ಅವರ ಸೇವಕನ ಮೈಮೇಲೂ ಇತ್ತು. ಅಚ್ಚರಿಯಿಂದ ಕಾರಣ ಕೇಳಿದಾಗ ಅಬೂಝರ್(ರ) ತನ್ನ ಹಳೆಯ ತಪ್ಪಿನ ಕಥೆಯನ್ನು ತಾನೇ ಹೇಳಿದರು. ಈ ಘಟನೆ ನಮಗೆ ಗೊತ್ತಾಗಿರುವುದು ಅವರೇ ಹೇಳಿದ್ದರಿಂದ. ಕ್ಷಮೆ ಕೇಳಿ ಸುಮ್ಮನಾಗದೆ, ತಿದ್ದಿಕೊಂಡದ್ದನ್ನು ದಿನನಿತ್ಯ ಉಡುವ ಬಟ್ಟೆಯಲ್ಲಿ ಅವರು ತೋರಿಸಿದರು.

ಪವಿತ್ರ ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯದ 11ನೆಯ ವಚನ ಒಂದು ಜನವರ್ಗ ಇನ್ನೊಂದನ್ನು ಅಪಹಾಸ್ಯ ಮಾಡುವುದನ್ನು ತಡೆಯುತ್ತದೆ. ಸ್ತ್ರೀಯರಿಗೂ ಅದೇ ಮಾತನ್ನು ಪ್ರತ್ಯೇಕವಾಗಿ ಹೇಳುತ್ತದೆ. ಕೆಟ್ಟ ಅಡ್ಡಹೆಸರುಗಳಿಂದ ಕರೆಯುವುದನ್ನೂ ಅಲ್ಲೇ ನಿಷೇಧಿಸಲಾಗಿದೆ. ನಾವು ಓದಿರುವ ಈ ವಚನ ಮೊದಲು ಅನ್ವಯವಾಗುವುದು ನಮ್ಮದೇ ಬೆಂಚಿಗೆ.

ನಾವು ಮಾಡಬಹುದಾದದ್ದು

ಯಾರಾದರೂ ಪ್ರಸಿದ್ಧರು ಕೆಟ್ಟ ಮಾತಾಡಿದ ವಿಡಿಯೊ ನಿಮ್ಮ ಮೊಬೈಲಿಗೆ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನೊಂದವರಿಗೆ ಇದರಿಂದ ನೆರವಾಗುತ್ತದೆಯೇ, ಅಥವಾ ಅವರ ಅವಮಾನವೇ ಮತ್ತೆ ಹರಡುತ್ತದೆಯೇ? ನಾನು ಖಂಡಿಸುತ್ತಿರುವುದು ಆ ಮಾತನ್ನೋ, ಅಥವಾ ಆಡಿದವರ ಜಾತಿ, ಧರ್ಮ, ಬಡತನ, ರೂಪವನ್ನೋ? ಇದೇ ಮಾತು ನನ್ನ ಗೆಳೆಯರ ಗುಂಪಿನಲ್ಲಿ ಬಂದಿದ್ದರೆ ನಾನು ಬಾಯಿಬಿಡುತ್ತಿದ್ದೆನೇ?

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ದೂರದ ನಟಿಯನ್ನೋ ಆಟಗಾರನನ್ನೋ ಖಂಡಿಸಲು ಧೈರ್ಯ ಬೇಕಾಗಿಲ್ಲ. ಪಕ್ಕದಲ್ಲಿ ಕುಳಿತ ಗೆಳೆಯನಿಗೆ, ಗೆಳತಿಗೆ, ‘ಅವಳನ್ನು ಹಾಗೆ ಕರೆಯಬೇಡ’ ಎನ್ನಲು ಬೇಕು. ಉಪನ್ಯಾಸಕರಾದ ನಮ್ಮ ಬಾಯಿಂದಲೂ ಹಾಜರಿ ಕರೆಯುವಾಗ ಯಾರದಾದರೂ ಹೆಸರು ತಪ್ಪಾಗಿ ಬಂದು ತರಗತಿ ನಕ್ಕಿದ್ದರೆ, ಮರುದಿನ ಆ ಹೆಸರನ್ನು ಸರಿಯಾಗಿ ಕಲಿತು ಕರೆಯುವುದು ನಮ್ಮ ಕರ್ತವ್ಯ.

ತರಗತಿಯಲ್ಲಿ ಚರ್ಚಿಸಲು

1. ಜಗಳದ ಮಾತಿಗೂ ಜನಾಂಗೀಯ ನಿಂದನೆಗೂ ಇರುವ ವ್ಯತ್ಯಾಸವನ್ನು ನಿಮ್ಮದೇ ಉದಾಹರಣೆಯೊಂದಿಗೆ ವಿವರಿಸಿ.

2. ಈ ಪ್ರಕರಣದಲ್ಲಿ ವೀಕ್ಷಕರು, ಪ್ರಾಯೋಜಕರು, ವಾಹಿನಿ, ಪತ್ರಿಕೆಗಳು: ಇವರಲ್ಲಿ ಯಾರ ನಡೆ ನಿಮಗೆ ಸರಿಯೆನಿಸಿತು? ಯಾಕೆ?

3. ಪ್ರವಾದಿಯವರು(ಸ) ಅಬೂಝರ್‌ರೊಂದಿಗೆ(ರ) ನಡೆದುಕೊಂಡ ರೀತಿಯನ್ನು ಪತ್ರಿಕೆಗಳು ಜೇಡ್ ಗೂಡಿಯೊಂದಿಗೆ ನಡೆದುಕೊಂಡ ರೀತಿಯೊಂದಿಗೆ ಹೋಲಿಸಿ.

4. ನಿಮ್ಮ ತರಗತಿಯಲ್ಲಿ ಬಳಕೆಯಲ್ಲಿರುವ ಅಡ್ಡಹೆಸರುಗಳಲ್ಲಿ ಯಾವುದನ್ನು ಬಿಡಬೇಕು? ಉತ್ತರವನ್ನು ಬರೆದು ತೋರಿಸಬೇಕಾಗಿಲ್ಲ, ಬಿಟ್ಟರೆ ಸಾಕು.