ಬೂತಾಯಿಯ ಬೆಲೆ ಎಲ್ಲಿ ಹುಟ್ಟುತ್ತದೆ?



ನಾವು ಬೂತಾಯಿ ಎನ್ನುವ ಮೀನು ಕೊಂಕಣಿಯಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ಇದನ್ನು ಯಾರೂ ಸಾಕುವುದಿಲ್ಲ, ಸಮುದ್ರ ಕೊಟ್ಟಷ್ಟೇ. ಹಾಗಾಗಿ ಇದರ ಬೆಲೆ ಉಳಿದ ಸಾಮಾನಿನ ಹಾಗೆ ನಿಂತಲ್ಲಿ ನಿಲ್ಲುವುದಿಲ್ಲ.

ಕೇರಳವನ್ನೇ ನೋಡಿ. 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಮತ್ತಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,300 ಟನ್ನಿನಷ್ಟು ಮಾತ್ರ! ಸಮುದ್ರದ ನೀರು ಬಿಸಿಯಾದದ್ದು, ಮರಿಗಳನ್ನೂ ಬಿಡದೆ ಹಿಡಿದದ್ದು ಇದಕ್ಕೆ ಕಾರಣಗಳೆನ್ನುತ್ತಾರೆ. ಆಗ ಒಮಾನ್ ದೇಶದಿಂದ ಇದೇ ಜಾತಿಯ ಮೀನು ಐಸಿನಲ್ಲಿ ಬಂತು. ನಮ್ಮ ಮತ್ತಿಯ ರುಚಿ ಇಲ್ಲ ಅಂತ ಗೊಣಗುತ್ತಲೇ ಜನ ಕೊಂಡರು.

2024ರ ಮಳೆಗಾಲದಲ್ಲಿ ಕೇರಳದ ಕೆಲವು ಕಡೆ ಕಿಲೋ ಮತ್ತಿಗೆ 400 ರೂಪಾಯಿ ತನಕ ಏರಿತು. ಕೆಲವೇ ತಿಂಗಳಲ್ಲಿ ಬೆರಳುದ್ದದ ಸಣ್ಣ ಮತ್ತಿ ರಾಶಿ ರಾಶಿ ಬಂದು 20-30 ರೂಪಾಯಿಗೆ ಇಳಿಯಿತು. ಎಣ್ಣೆಯ ಮೀನು ಬೇಗ ಕೆಡುತ್ತದೆ, ನಾಳೆಗೆ ಇಡುವ ಹಾಗಿಲ್ಲ. ಉಳಿದದ್ದು ಮೀನಿನ ಹುಡಿಯ ಕಾರ್ಖಾನೆಗೆ. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಹುಡಿ ಸಿಗಡಿ ಸಾಕುವವರಿಗೆ, ಹೊರದೇಶಕ್ಕೆ ಹೋಗುತ್ತದೆ. ಅಂದರೆ ದಕ್ಕೆಯ ಏಲಂನಲ್ಲಿ ನಿಮ್ಮ ಎದುರು ಕೂಗುವವರಲ್ಲಿ ಕಾರ್ಖಾನೆಯೂ ಉಂಟು.

ಪೋರ್ಚುಗಲ್ ದೇಶದಲ್ಲಿ ಬೂತಾಯಿಯ ನೆಂಟ ಜಾತಿಯೊಂದಿದೆ. ಜೂನ್ 13ರ ಸಂತ ಅಂತೋನಿಯವರ ಹಬ್ಬಕ್ಕೆ ಲಿಸ್ಬನ್ನಿನ ಬೀದಿಗಳಲ್ಲಿ ಅದನ್ನೇ ಕೆಂಡದಲ್ಲಿ ಸುಡುತ್ತಾರೆ, ಆ ದಿನಗಳಲ್ಲಿ ಬೆಲೆ ಏರುತ್ತದೆ. ಅಲ್ಲಿ ವರ್ಷಕ್ಕೆ ಇಷ್ಟೇ ಹಿಡಿಯಬೇಕೆಂಬ ಮಿತಿಯುಂಟು. ಹೆಚ್ಚು ಬಂದದ್ದನ್ನು ಡಬ್ಬಿಗೆ ತುಂಬಿ ವರ್ಷಗಟ್ಟಲೆ ಮಾರುತ್ತಾರೆ. ನಮ್ಮಲ್ಲಿ ಒಣಗಿಸುವುದುಂಟು, ಆದರೆ ಮಳೆಗಾಲದಲ್ಲಿ ಬಿಸಿಲೆಲ್ಲಿ?

ಈಗ ಒಂದು ಲೆಕ್ಕ, ಬೋರ್ಡಿನ ಮೇಲೆ ಬರೆಯಿರಿ. ಬುಟ್ಟಿಯಲ್ಲಿ 20 ಕಿಲೋ, ಕಿಲೋಗೆ 100ರಂತೆ ಬಂಡವಾಳ 2,000 ಎಂದಿಟ್ಟುಕೊಳ್ಳಿ. ಬೆಳಿಗ್ಗೆ 15 ಕಿಲೋ 140ರಂತೆ ಹೋಯಿತು: 2,100. ಮಧ್ಯಾಹ್ನ ಉಳಿದ 5 ಕಿಲೋ 60ಕ್ಕೆ: 300. ರಿಕ್ಷಾ, ಐಸು 200 ಕಳೆದರೆ ಕೈಯಲ್ಲಿ 200. ಬಂಡವಾಳ ದಿನಬಡ್ಡಿಯದ್ದಾದರೆ, ನೂರಕ್ಕೆ 2ರಂತೆ ಅದರಲ್ಲೂ 40 ಹೋಯಿತು. ಸಂಘದ ಸಾಲಕ್ಕೆ ತಿಂಗಳಿಗೆ ನೂರಕ್ಕೆ 2 ಆದರೆ, ಅದೇ 40 ರೂಪಾಯಿ ಇಡೀ ತಿಂಗಳಿಗೆ. ಏಲಂನ ಬೆಲೆ ನಮ್ಮ ಕೈಯಲ್ಲಿಲ್ಲ, ಈ ನಲವತ್ತು ಮಾತ್ರ ಇದೆ.

ಮುಂದಿನ ಸಭೆಗೆ ಮೀನು ಮಾರುವ ಅಕ್ಕಂದಿರು ಏಳು ದಿನದ ಏಲಂ ಬೆಲೆ, ಬೆಳಗಿನ ಬೆಲೆ, ಮಧ್ಯಾಹ್ನದ ಬೆಲೆ ಬರೆದು ತನ್ನಿ. ಬರೆಯಲು ಬಾರದವರು ಮಕ್ಕಳ ಹತ್ತಿರ ಬರೆಸಿ.